ಎರಡು ಹನಿ ಎಣ್ಣೆ

ಸೂರ್ಯ ಮುಳುಗಿದ ಮೇಲೆ ಪ್ರಭಾವತಿ ನೀರನ್ನೂ ಮುಟ್ಟುವುದಿಲ್ಲ ಎಂದು ಮೂಡುಬಿದಿರೆಯ ನಮ್ಮ ಬಸದಿಗೆ ಬರುವವರೆಲ್ಲ ನನ್ನ ಬಗ್ಗೆ ಹೇಳುತ್ತಾರೆ. ಹೇಳಿಸಿಕೊಳ್ಳುವುದು ನನಗೂ ಇಷ್ಟವೇ. ಹೋದ ವರ್ಷ ಕೊಲೆಸ್ಟರಾಲ್ ಇನ್ನೂರ ಎಪ್ಪತ್ತಕ್ಕೆ ಏರಿದಾಗ ಡಾಕ್ಟರು ಗುಳಿಗೆ ಬರೆದು, ಮಲಗುವ ಮೊದಲು ನುಂಗಿ ಎಂದರು. ವ್ರತಸ್ಥೆಗೆ ಜೀವಭಯ ಇಲ್ಲವೇ? ಕೋಣೆಯ ಬಾಗಿಲು ಹಾಕಿಕೊಂಡು ದಿನವೂ ನುಂಗಿದೆ.

ಆರು ತಿಂಗಳಲ್ಲಿ ಅದು ನೂರ ಎಂಬತ್ತಕ್ಕೆ ಇಳಿಯಿತು. ರಾತ್ರಿಯ ಗುಳಿಗೆಯನ್ನು ನಾನು ಮುಟ್ಟಿಯೇ ಇಲ್ಲ ಎಂದು ನಂಬಿದ್ದ ಬಸದಿಯವರೆಲ್ಲ, ಹೇಗೆ ಇಳಿಯಿತು ಎಂದು ಕೇಳಿದರು. "ಮಜ್ಜಿಗೆ ಹುಲ್ಲಿನ ಎಣ್ಣೆ" ಎಂದುಬಿಟ್ಟೆ. ಹಿತ್ತಲಿನ ಆ ನಿಂಬೆವಾಸನೆಯ ಹುಲ್ಲನ್ನು ತಾಮ್ರದ ಪಾತ್ರೆಯಲ್ಲಿ ಬೇಯಿಸಿ, ಆವಿಯಿಂದ ಎಣ್ಣೆ ಇಳಿಸುವ ಮರುಳು ನನಗೆ ಮೊದಲಿನಿಂದಲೂ ಇತ್ತು. ಬೆಳಿಗ್ಗೆ ಬಿಸಿನೀರಿಗೆ ಎರಡೇ ಹನಿ ಎಂದು ಅಳತೆಯನ್ನೂ ಸೇರಿಸಿದೆ.

ಸಿದ್ಧಕಟ್ಟೆಯ ರಾಜೀವಿ ನನ್ನೊಡನೆ ಶಾಲೆಯಲ್ಲಿ ಟೀಚರಾಗಿದ್ದವಳು, ನನಗಿಂತ ಕಿರಿಯಳು. ಗಂಡ ಶಂಭುವಿಗೆಂದು ಒಂದು ಬಾಟಲಿ ಕೇಳಿದಳು.

"ಇವರು ಗುಳಿಗೆ ಬಿಟ್ಟು ಇದನ್ನೇ ತಗೊಳ್ತೇನೆ ಅಂತಾರೆ ಪ್ರಭಕ್ಕ. ಆಗ್ತದಾ?"

"ನನ್ನನ್ನೇ ನೋಡು ಮಾರಾಯ್ತಿ" ಎಂದೆ.

ನಾಲ್ಕು ತಿಂಗಳ ಮೇಲೆ, ಮೊನ್ನೆ, ಬಂಟ್ವಾಳ ಪೇಟೆಯಲ್ಲಿ ಶಂಭು ಎದೆ ಹಿಡಿದುಕೊಂಡು ಕುಸಿದರು. ನಾನು ಆಸ್ಪತ್ರೆಗೆ ಓಡಿದೆ. ಐಸಿಯು ಬಾಗಿಲಲ್ಲಿ ಕೂತಿದ್ದ ರಾಜೀವಿ ನನ್ನ ಕೈ ಹಿಡಿದುಕೊಂಡಳು.

"ತಪ್ಪು ನಮ್ಮದೇ ಪ್ರಭಕ್ಕ. ನೆಂಟರ ಮದುವೆ ಗೌಜಿಯಲ್ಲಿ ಎರಡು ದಿನ ಎಣ್ಣೆ ಕೊಡ್ಲಿಕ್ಕೆ ಮರೆತೆ. ಇನ್ನು ಮೂರು ಹನಿ ಕೊಡ್ಲಾ?"

ಸುಮ್ಮನಿದ್ದರೆ ಶಂಭು ಮನೆಗೆ ಬಂದು ಮತ್ತೆ ಅದೇ ಎಣ್ಣೆ ಕುಡಿಯುತ್ತಾರೆ. ಅವಳ ಮುಖ ನೋಡಲಾಗದೆ ಚಪ್ಪಲಿ ನೋಡುತ್ತಾ ಹೇಳಿದೆ.

"ನನ್ನದು ಎಣ್ಣೆಯಿಂದ ಇಳಿದದ್ದಲ್ಲ ರಾಜೀವಿ. ದಿನಾ ರಾತ್ರಿ ಗುಳಿಗೆ ತಗೊಳ್ತಿದ್ದೆ. ವ್ರತ ಮುರಿದದ್ದು ಗೊತ್ತಾಗ್ತದೆ ಅಂತ ಸುಳ್ಳು ಹೇಳಿದೆ."

ಅವಳು ಕೈ ಬಿಟ್ಟಳು. ಬೈದಿದ್ದರೆ ನೆಮ್ಮದಿಯಾಗುತ್ತಿತ್ತು. "ಯಾವ ಗುಳಿಗೆ?" ಎಂದಳು. ಚೀಲದಿಂದ ತೆಗೆದುಕೊಟ್ಟೆ.

"ಇವರದ್ದೂ ಇದೇ. ಯಾವ ಹೊತ್ತಿಗೂ ಆಗ್ತದೆ ಅಂತ ಡಾಕ್ಟರು ಹೇಳಿದ್ರು, ಇವರು ಬೆಳಿಗ್ಗೆ ತಗೊಳ್ತಿದ್ರು. ನೀವು ಕೇಳ್ಲಿಲ್ವಾ?"

ಕೇಳಿರಲಿಲ್ಲ. ಒಂದು ಮಾತು ಕೇಳಿದ್ದರೆ ನನ್ನ ವ್ರತವೂ ಉಳಿಯುತ್ತಿತ್ತು, ಸುಳ್ಳೂ ಬೇಕಾಗುತ್ತಿರಲಿಲ್ಲ.

ರಾಜೀವಿ ಕಿಟಕಿಯ ಕಡೆ ನೋಡಿದಳು. ಬಿಸಿಲು ಇಳಿಯುತ್ತಿತ್ತು. ತನ್ನ ನೀರಿನ ಬಾಟಲಿಯನ್ನು ನನ್ನ ಮುಂದಿಟ್ಟು, "ಹೊತ್ತು ಮುಳುಗ್ತದೆ, ಈಗಲೇ ಕುಡಿಯಿರಿ" ಎಂದಳು.

ನನಗೆ ಕುಡಿಯಲಾಗಲಿಲ್ಲ.