ಕಾಲರಿನ ಹಿಂದಿನ ಲೇಬಲ್

"ಸಣ್ಣ ಕತ್ತರಿ ಎಲ್ಲಿ?" ಎನ್ನುತ್ತ ಸೂಜಿ ಹೊಲಿಗೆ ಮೆಷಿನ್ನಿನ ಡ್ರಾಯರನ್ನು ಪೂರ್ತಿ ಎಳೆದು ನೆಲಕ್ಕೆ ಸುರಿದಳು. ದಾರ ಸುತ್ತಿದ ಬಾಬಿನ್ನುಗಳು ಉರುಳಿಕೊಂಡು ಬಾಗಿಲಾಚೆ ಹೋದವು. ಆಚೆ ನಡುಮನೆಯಲ್ಲಿ ಅವಳ ತಾತನನ್ನು ಮಲಗಿಸಿದ್ದರು. ಸುತ್ತ ಕೂತವರು ಅಳುವುದನ್ನು ಅರ್ಧಕ್ಕೆ ನಿಲ್ಲಿಸಿ ಇತ್ತ ತಿರುಗಿದರು.

ಸೂಜಿ ಅನ್ನುವುದು ತಾತನೇ ಇಟ್ಟ ಅಡ್ಡಹೆಸರು. ಒಂಬತ್ತು ವರ್ಷದ ಹುಡುಗಿ, ಕಡ್ಡಿಯಂಥ ಮೈ, ನೆಟ್ಟಗೆ ಹೋಗಿ ಚುಚ್ಚುವಂಥ ಮಾತು. ತಾತ ಟೈಲರ್. ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿದೇ ಜೀವ ಸವೆಸಿದ ಮನುಷ್ಯ, ನಿನ್ನೆ ಸಂಜೆ ಮಲಗಿದವನು ಊಟಕ್ಕೆ ಕರೆದಾಗ ಏಳಲಿಲ್ಲ. ಅಷ್ಟೇ. ಯಾರಿಗೂ ತೊಂದರೆ ಕೊಡಲಿಲ್ಲ, ಯಾರಿಗೂ ಏನೂ ಹೇಳಲೂ ಇಲ್ಲ.

ಸೂಜಿಯ ತಾಯಿ ಓಡಿ ಬಂದಳು. ಬೆಳಗಿನಿಂದ ಅತ್ತು ಒದ್ದೆಯಾದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಏನೇ ಇದು? ಇವತ್ತೂ ಶುರು ಮಾಡಿದ್ಯಾ?"

"ತಾತನಿಗೆ ಚುಚ್ಚುತ್ತೆ."

"ಏನು ಚುಚ್ಚುತ್ತೆ?"

"ಲೇಬಲ್. ಮಾವ ಹೊಸ ಅಂಗಿ ಹಾಕ್ಸಿದಾರೆ. ತಾತ ಅಂಗಡಿ ಅಂಗಿ ಹಾಕಲ್ಲ."

"ಪುಟ್ಟೀ, ತಾತ ಹೋಗ್ಬಿಟ್ರು ಕಣೆ. ಅವರಿಗೆ ಈಗ ಏನೂ ಗೊತ್ತಾಗಲ್ಲ."

"ಎಲ್ಲಿಗೂ ಹೋಗಿಲ್ಲ. ನಡುಮನೇಲಿದಾರೆ. ಸತ್ತಿದಾರೆ, ಅದು ನಂಗೆ ಗೊತ್ತು."

ತಾಯಿ ಮಗಳ ಮುಖ ನೋಡಿದಳು. ಬೆಳಗಿನಿಂದ ಇದೇ ಆಗಿತ್ತು ಅವಳ ಕೆಲಸ, ಈ ಮುಖದಲ್ಲಿ ಒಂದು ಹನಿ ನೀರಿಗಾಗಿ ಹುಡುಕುವುದು. ಶಾಲೆಯಿಂದ ಬಂದರೆ ಚೀಲವನ್ನೂ ಇಳಿಸದೆ ತಾತನ ಪಕ್ಕ ಕೂರುತ್ತಿದ್ದ ಹುಡುಗಿ ಇವಳೇ ತಾನೇ? ಏನು ಮಾಡಬೇಕೋ ತೋಚಲಿಲ್ಲ. ಬಯ್ಯಬೇಕೋ, ತಬ್ಬಿಕೊಳ್ಳಬೇಕೋ? ತಬ್ಬಿಕೊಂಡರೆ ಇವಳು ಕೊಸರಿಕೊಳ್ಳುತ್ತಾಳೆ.

ಅಷ್ಟರಲ್ಲಿ ತಾಯಿಯ ಅಣ್ಣ, ಸೂಜಿಯ ಮಾವ, ಒಳಗೆ ಬಂದ. "ಇವಳನ್ನ ಮೊದಲು ಪಕ್ಕದ ಮನೆಗೆ ಕಳಿಸು. ನಮ್ಮ ಸಾಹೇಬ್ರ ಮುಂದೆ ನನ್ನ ಮಾನ ಹರಾಜು ಹಾಕಿದ್ಲು."

ಹರಾಜಾದದ್ದು ನಿಜ. ಅಣ್ಣನ ಕಚೇರಿಯ ಸಾಹೇಬರು ಹೂವು ಹಿಡಿದು ಬಂದಿದ್ದರು. ಸೂಜಿ ಅವರೆದುರು ನಿಂತು, "ತಾತ ನಿಮಗೆ ಪರಿಚಯಾನಾ?" ಎಂದು ಕೇಳಿದ್ದಳು. ಇಲ್ಲಮ್ಮ ಅಂದರು. "ಹಾಗಾದ್ರೆ ಯಾಕೆ ಬೇಜಾರಾದ ಹಾಗೆ ಮುಖ ಮಾಡ್ಕೊಂಡಿದೀರಿ?" ಸಾಹೇಬರು ಹೂವನ್ನು ಕೈಯಿಂದ ಕೈಗೆ ಬದಲಾಯಿಸಿದರು.

"ಗಾಡಿ ಬರೋ ಹೊತ್ತಾಯ್ತು, ಜನ ಸೇರ್ತಾರೆ. ಹತ್ರಾನೇ ಬಿಡಬೇಡ ಇವಳನ್ನ," ಎಂದು ಅಣ್ಣ ಹೊರಟ.

"ನಾನು ತಾತನ ಹತ್ರ ಹೋಗ್ಲೇಬೇಕು," ಎಂದಳು ಸೂಜಿ. ಬಾಬಿನ್ನುಗಳ ನಡುವೆ ಮತ್ತೆ ಮಂಡಿಯೂರಿದಳು.

* * *

ಈ ಹುಡುಗಿಗೆ ಏನಾಗಿದೆ ಎಂದು ಕೇಳಿಕೊಂಡು ತಾಯಿ ಅಲೆಯದ ಬಾಗಿಲಿರಲಿಲ್ಲ. ಕೊನೆಗೆ ಮಕ್ಕಳ ಡಾಕ್ಟರೊಬ್ಬರು ಸಮಾಧಾನವಾಗಿ ಕೂರಿಸಿ ಹೇಳಿದ್ದರು. ಆಸ್ಪರ್ಜರ್ಸ್ ಅನ್ನೋರು ಮೊದಲು, ಈಗ ಆಟಿಸಂ ಗುಂಪಿಗೇ ಸೇರಿಸ್ತಾರೆ. ರೋಗ ಅಲ್ಲ, ಸೊಕ್ಕೂ ಅಲ್ಲ, ನೀವು ಬೆಳೆಸಿದ ರೀತಿಯ ತಪ್ಪೂ ಅಲ್ಲ. ಹೇಳಿದ್ದನ್ನು ಹೇಳಿದ ಹಾಗೇ ತಗೊಳ್ತಾಳೆ. ನಮಗೆ ಗೊತ್ತೇ ಆಗದ ಸದ್ದು, ದಾರ, ಹೊಲಿಗೆ ಅವಳಿಗೆ ತಡೆಯೋಕಾಗಲ್ಲ. ದುಃಖ ಇರುತ್ತೆ, ಮುಖಕ್ಕೆ ಬರೋ ದಾರಿ ಬೇರೆ, ನೀವು ಆ ದಾರಿ ಹುಡುಕಿ.

ಮನೆಗೆ ಬಂದು ತಾಯಿ ತನ್ನ ಅಪ್ಪನ ಎದುರು ಕೂತು ಎಲ್ಲವನ್ನೂ ಒದರಿದಳು. ಅಪ್ಪ ಎಂದಿನಂತೆ ಅಂಗಿಯನ್ನು ಒಳಮಗ್ಗಲು ಹೊರಗೆ ಮಾಡಿ ಹಾಕಿಕೊಂಡಿದ್ದ, ಹೊಲಿಗೆಯೆಲ್ಲ ಲೋಕಕ್ಕೆ ಕಾಣುವ ಹಾಗೆ. "ಊರಿಗೆಲ್ಲ ಹೊಲಿದು ಕೊಟ್ಟು ನೀನೇ ಉಲ್ಟಾ ಹಾಕ್ಕೋತೀಯಲ್ಲಪ್ಪ" ಎಂದು ಎಲ್ಲರೂ ಗೇಲಿ ಮಾಡಿ ಮಾಡಿ ಸುಸ್ತಾಗಿದ್ದರು. ಅವನು ಕಾಲರೊಂದನ್ನು ಹೆಬ್ಬೆರಳಿನಿಂದ ಉಜ್ಜಿ ಮಡಿಕೆ ಕೂರಿಸುತ್ತಿದ್ದ. ಮಡಿಕೆ ಕೂತ ಮೇಲೆ ಕೇಳಿದ.

"ಅದು ದೊಡ್ಡೋರಿಗೂ ಇರುತ್ತಾ?"

"ಮಕ್ಕಳ ವಿಷಯ ಮಾತಾಡ್ತಿದೀನಿ ಅಪ್ಪ," ಎಂದು ಅವಳು ರೇಗಿದಳು. "ನಿಂಗೆ ಯಾವಾಗಲೂ ಬೇರೆ ಏನೋ."

"ಸರಿ ಬಿಡು," ಎಂದು ಅಪ್ಪ ಮೆಷಿನ್ ತುಳಿದ. ಮಾರನೆಯ ದಿನದಿಂದ ಸೂಜಿಯ ಬಟ್ಟೆಗಳ ಲೇಬಲ್ಲುಗಳು ಒಂದೊಂದಾಗಿ ಮಾಯವಾದವು. ಹುಡುಗಿ ಬೆಳಿಗ್ಗೆ ಬಟ್ಟೆ ಹಾಕಿಕೊಳ್ಳುವಾಗ ಕಿರುಚುವುದು ನಿಂತಿತು. ವಯಸ್ಸಾಗ್ತಾ ಬುದ್ಧಿ ಬಂತು ಎಂದುಕೊಂಡು ಮನೆಮಂದಿ ನೆಮ್ಮದಿಯಾಗಿದ್ದರು.

* * *

ನಡುಮನೆಯಲ್ಲಿ ಬಟನ್ ಅಂಗಡಿಯವರು ಮಾತಿಗೆ ಕೂತಿದ್ದರು. ಟೈಲರಿಗೆ ಬಟನ್ನು, ದಾರ ಕೊಡುತ್ತಿದ್ದ ಹಳೇ ಗೆಳೆಯ. ಬಾಯಿಗೆ ಬೀಗ ಅನ್ನುವುದು ಅವರ ವಂಶದಲ್ಲೇ ಇಲ್ಲ.

"ಒಳ್ಳೇ ಮನುಷ್ಯ, ಎರಡು ಮಾತಿಲ್ಲ. ಆದ್ರೆ ಎದೆ ಕಲ್ಲು ಮಾರಾಯ್ರೇ. ಹೆಂಡ್ತಿ ಹೆಣ ಇಲ್ಲೇ ಇತ್ತು, ಇವನು ಒಳಗೆ ಟಕಟಕ ಅಂತ ಮೆಷಿನ್ ತುಳೀತಾ ಕೂತಿದ್ದ!"

"ಹೂಂ, ಅದನ್ನ ನೆನೆಸ್ಕೊಂಡ್ರೆ ಈಗಲೂ ಹೊಟ್ಟೆ ಉರಿಯುತ್ತೆ," ಎಂದಳು ಅತ್ತಿಗೆ, ಅಣ್ಣನ ಹೆಂಡತಿ.

ತಾಯಿ ತಲೆ ತಗ್ಗಿಸಿದಳು. ಆ ಟಕಟಕ ಅವಳ ಕಿವಿಯಲ್ಲಿ ಇಷ್ಟು ವರ್ಷ ಕೂತಿತ್ತು. ಅಮ್ಮ ಹೋದ ದಿನ ಅಪ್ಪ ಅಳಲಿಲ್ಲ, ಪಕ್ಕಕ್ಕೆ ಬಂದು ಕೂರಲೂ ಇಲ್ಲ. ಅವನಿಗೆ ನಮ್ಮ ಮೇಲೆ ಪ್ರೀತಿ ಅನ್ನುವುದು ಇತ್ತಾ? ಕೇಳೋಣ ಕೇಳೋಣ ಎಂದುಕೊಂಡೇ ಹೊತ್ತು ಮೀರಿತು. ಈಗ ಮಗಳೂ ಹಾಗೇ, ಒಣಗಿದ ಕಣ್ಣು.

"ತಾತ ಅಜ್ಜಿ ಬಟ್ಟೇನೇ ಹೊಲೀತಿದ್ರು," ಎಂದಿತು ಹಿಂದಿನಿಂದ ಒಂದು ದನಿ. ಸೂಜಿ ಬಾಗಿಲಲ್ಲಿ ನಿಂತಿದ್ದಳು. "ಅಜ್ಜಿಯ ನೀಲಿ ಬಟ್ಟೆ ತೋಳು ಬಿಗಿಯಾಗ್ತಿತ್ತಂತೆ. ಬಿಗೀ ಬಟ್ಟೇಲಿ ಕಳಿಸಬಾರದು ಅಂತ ಬಿಚ್ಚಿ ಸಡಿಲ ಮಾಡಿದ್ರಂತೆ. ತಾತ ನಂಗೆ ಹೇಳಿದಾರೆ."

"ನಮಗ್ಯಾಕೆ ಹೇಳಲಿಲ್ಲ?" ಎಂದರು ಬಟನ್ ಅಂಗಡಿಯವರು, ಪೆಚ್ಚಾಗಿ.

"ನೀವು ಕೇಳಿದ್ರಾ?"

ತಾಯಿ ತಲೆ ಎತ್ತಿ ಮಗಳನ್ನು ನೋಡಿದಳು. ಅವತ್ತು ಮೆಷಿನ್ನಿನ ಕೆಳಗೆ ನೀಲಿ ಬಟ್ಟೆ ಇದ್ದದ್ದು ಅವಳಿಗೆ ನೆನಪಿತ್ತು. ಅಮ್ಮನನ್ನು ನೀಲಿಯಲ್ಲೇ ಕಳಿಸಿದ್ದೂ ನೆನಪಿತ್ತು. ಎರಡನ್ನೂ ಒಟ್ಟಿಗಿಟ್ಟು ಒಮ್ಮೆಯೂ ನೋಡಿರಲಿಲ್ಲ. ಇಷ್ಟು ದಿನ ಅಪ್ಪನ ಮೇಲೆ ಸಾಧಿಸಿದ ಸಿಟ್ಟನ್ನು ಈಗ ಎಲ್ಲಿಡುವುದೋ ತಿಳಿಯಲಿಲ್ಲ.

ಹೊರಗೆ ಗಾಡಿ ಬಂದು ನಿಂತಿತು. ಜನ ಎದ್ದರು. ಆ ಗಲಿಬಿಲಿಯಲ್ಲೇ ಸೂಜಿ ಕಾಲುಗಳ ನಡುವೆ ನುಸುಳಿ ತಾತನ ತಲೆಯ ಬಳಿ ಹೋಗಿ ಕೂತಳು. ಅವಳ ಕೈಯಲ್ಲಿ ಸಣ್ಣ ಕತ್ತರಿ ಹೊಳೆಯಿತು.

"ಅಯ್ಯಯ್ಯೋ, ಹಿಡೀರಿ ಅವಳನ್ನ!" ಅತ್ತಿಗೆ ಕೂಗಿಕೊಂಡಳು. ಅಣ್ಣ ಹುಡುಗಿಯ ಮಣಿಕಟ್ಟು ಹಿಡಿದು ಎಳೆದ. ಸೂಜಿ ಕಿರುಚಿದಳು. ಮನೆ ನಡುಗುವ ಹಾಗೆ, ಬೆಳಗಿನಿಂದ ಯಾರೂ ಅಷ್ಟು ಜೋರಾಗಿ ಅತ್ತಿರಲಿಲ್ಲ.

"ಬಿಡಣ್ಣ ಅವಳ ಕೈ," ಎಂದಳು ತಾಯಿ.

"ನಿಂಗೇನು ತಲೆ ಕೆಟ್ಟಿದ್ಯಾ? ಗಾಡಿ ಕಾಯ್ತಿದೆ!"

"ಕಾಯ್ಲಿ. ಅಪ್ಪನಿಗೆ ಚುಚ್ತಿದೆ. ಬಿಡು."

ಅಣ್ಣ ಕೈ ಬಿಟ್ಟ. ತಂಗಿ ಅಷ್ಟು ಮೆತ್ತಗೆ ಹೇಳಿದ್ದನ್ನು ಅವನು ಎಂದೂ ಕೇಳಿರಲಿಲ್ಲ.

ತಾಯಿ ಅಪ್ಪನ ತಲೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು. ತಣ್ಣಗಿತ್ತು, ಭಾರವಿತ್ತು. ಅಣ್ಣ ಪ್ರೀತಿಯಿಂದಲೇ ತಂದ ದುಬಾರಿ ಅಂಗಿ, ಕಾಲರಿನ ಹಿಂದೆ ಗಟ್ಟಿ ಲೇಬಲ್ಲು. ಸೂಜಿ ಬಿಕ್ಕುತ್ತಲೇ ಬಾಗಿದಳು.

"ಪುಟ್ಟೀ, ಕಚಕ್ ಅಂತ ಕತ್ತರಿಸಿಬಿಡು, ಮುಗೀತು," ಎಂದರು ಬಟನ್ ಅಂಗಡಿಯವರು.

"ಕತ್ತರಿಸಿದ್ರೆ ಬುಡ ಉಳಿಯುತ್ತೆ. ಅದು ಇನ್ನೂ ಚುಚ್ಚುತ್ತೆ." ಕತ್ತರಿಯ ತುದಿಯಿಂದ ಒಂದೊಂದೇ ಹೊಲಿಗೆ ಎತ್ತಿ ಬಿಡಿಸತೊಡಗಿದಳು, ತಾತ ಕಲಿಸಿದ ಹಾಗೆ. ಹೊರಗೆ ಗಾಡಿಯವನು ಹಾರ್ನ್ ಹೊಡೆದ. ಸಾಹೇಬರು ಬಾಗಿಲಿಗೆ ಹೋಗಿ ಸುಮ್ಮನಿರಲು ಸನ್ನೆ ಮಾಡಿದರು. ಲೇಬಲ್ಲು ಕಳಚಿ ಬಂದ ಮೇಲೂ ಹುಡುಗಿ ಅಂಟಿಕೊಂಡಿದ್ದ ದಾರದ ತುಂಡುಗಳನ್ನು ಹೆಕ್ಕಿದಳು. ಆಮೇಲೆ ಕಾಲರನ್ನು ಹೆಬ್ಬೆರಳಿನಿಂದ ಉಜ್ಜಿ ಕೂರಿಸಿದಳು.

ಆ ಹೆಬ್ಬೆರಳನ್ನು ತಾಯಿ ನೋಡಿದಳು. ಬಾಗಿ, ಅಪ್ಪನ ಕಿವಿಯ ಹತ್ತಿರ ಬಾಯಿಟ್ಟಳು.

"ಇರುತ್ತಪ್ಪಾ. ದೊಡ್ಡೋರಿಗೂ ಇರುತ್ತೆ."

"ಏನಂದೆ?" ಎಂದಳು ಅತ್ತಿಗೆ. ತಾಯಿ ಅಪ್ಪನ ತಲೆಯನ್ನು ಮೆಲ್ಲಗೆ ಕೆಳಗಿಟ್ಟಳು.

ಎತ್ತುವವರು ಮುಂದೆ ಬಂದರು. ಸೂಜಿ ಎದ್ದು ನೆಟ್ಟಗೆ ಮಾವನ ಬಳಿ ಹೋದಳು. "ತಗೊಳ್ಳಿ. ಇದು ನಿಮ್ದು," ಎಂದು ಲೇಬಲ್ಲನ್ನು ಅವನ ಅಂಗೈಯಲ್ಲಿಟ್ಟಳು.

ಅಣ್ಣ ಅದನ್ನು ಜೇಬಿಗೆ ಹಾಕಬೇಕೋ ಎಸೆಯಬೇಕೋ ತಿಳಿಯದೆ ನಿಂತ. ಎಲ್ಲರೂ ಬಾಗಿಲು ದಾಟಿದರು. ಲೇಬಲ್ಲು ಹಿಡಿದ ಅವನ ಒಂದು ಕೈ ಮುಷ್ಟಿಯಾಗಿತ್ತು. ಇನ್ನೊಂದು ಕೈ ತಾನಾಗಿಯೇ ಹಿಂದೆ ಹೋಗಿ ಅವನದೇ ಅಂಗಿಯ ಕಾಲರಿನೊಳಗೆ ಬೆರಳು ತೂರಿಸಿ, ಚರ್ಮದಿಂದ ಅದನ್ನು ದೂರ ಎಳೆದು ಹಿಡಿದಿತ್ತು.