ನಾನು ಮುಚ್ಚಿದ ಆರು ಕಿಂಡಿಗಳು

ನಮ್ಮ ಮನೆಯ ಮುಂದಿನ ಕೋಣೆಯ ಹಲಗೆ ನೆಲದ ಕೆಳಗೆ ಎರಡೂವರೆ ಅಡಿ ಎತ್ತರದ ಟೊಳ್ಳು ಜಾಗವಿದೆ. ಶೆಫೀಲ್ಡಿನ ಈ ಗುಡ್ಡದ ಓಣಿಗಳಲ್ಲಿ ನೂರು ವರ್ಷ ದಾಟಿದ ಮನೆಗಳೆಲ್ಲ ಹೀಗೇ. ಕೆಳಗೆ ಬರೀ ಮಣ್ಣು, ಮೇಲೆ ತೊಲೆ ಮತ್ತು ಹಲಗೆ, ನಡುವೆ ಮನುಷ್ಯ ಹೊಟ್ಟೆಯ ಮೇಲೆ ತೆವಳುವಷ್ಟು ಕತ್ತಲೆ. ಮನೆ ಕೊಂಡ ನಾಲ್ಕು ವರ್ಷ ಅದರ ಬಗ್ಗೆ ನಾನು ತಲೆ ಕೆಡಿಸಿಕೊಂಡಿರಲಿಲ್ಲ. ಈ ಫೆಬ್ರವರಿಯಿಂದ ನನ್ನ ತಲೆಯಲ್ಲಿ ಬೇರೇನೂ ಇಲ್ಲ.

ಕಾರಣ ನನ್ನ ಹೆಂಡತಿ ಅರ್ಪಿತಾ. ಇಲ್ಲಿನ ಆಸ್ಪತ್ರೆಯೊಂದರಲ್ಲಿ ಹದಿನೆಂಟು ವರ್ಷದಿಂದ ಡಾಕ್ಟರ್. ಹೋದ ವರ್ಷ ಅವಳ ಎರಡೂ ಕಿಡ್ನಿ ಕೈಕೊಟ್ಟವು. ಈಗ ಮಂಗಳವಾರ, ಗುರುವಾರ, ಶನಿವಾರ ಅದೇ ಆಸ್ಪತ್ರೆಯಲ್ಲಿ ಡಯಾಲಿಸಿಸ್. ತಾನು ರೌಂಡ್ಸ್ ಹೋಗುತ್ತಿದ್ದ ವಾರ್ಡಿನ ಪಕ್ಕದಲ್ಲೇ ನಾಲ್ಕು ತಾಸು ಮಲಗಬೇಕು. ಅವಳಿಂದಲೇ ಕಲಿತವರು ಬಂದು ಅವಳ ತೋಳಿಗೆ ಸೂಜಿ ಹಾಕುತ್ತಾರೆ, ಮಗುವನ್ನು ಮಾತಾಡಿಸಿದ ಹಾಗೆ ಮಾತಾಡಿಸುತ್ತಾರೆ. ಮನೆಗೆ ಬಂದು ಅವಳು ಗೋಡೆ ಕಡೆ ಮುಖ ಮಾಡಿ ಮಲಗಿಬಿಡುತ್ತಾಳೆ. ಸೂಜಿಯ ನೋವನ್ನು ಅವಳು ಲೆಕ್ಕಕ್ಕೇ ಇಟ್ಟಿರಲಿಲ್ಲ. ಆ ಕರುಣೆಯ ದನಿ ಮಾತ್ರ ಅವಳನ್ನು ತಿಂದುಹಾಕುತ್ತಿತ್ತು.

ಮನೆಯಲ್ಲೇ ಯಂತ್ರ ಇಟ್ಟುಕೊಳ್ಳಬಹುದು, ಆಸ್ಪತ್ರೆಯವರೇ ಕೊಡುತ್ತಾರೆ ಎಂದು ತಿಳಿದ ದಿನ ಅವಳು ಮುಂದಿನ ಕೋಣೆಯ ಸೋಫಾ ತಾನೇ ಎಳೆದು ಮೂಲೆಗೆ ಸರಿಸಿದಳು. ಆದರೆ ಆಸ್ಪತ್ರೆಯಿಂದ ನೆಲ ನೋಡಲು ಬಂದ ಟೆಕ್ನಿಷಿಯನ್ ಹಲಗೆ ಎತ್ತಿ, ತೊಲೆಗೆ ತೇವ ಅಳೆಯುವ ಮೀಟರಿನ ಎರಡು ಮೊಳೆ ಚುಚ್ಚಿ ತಲೆ ಅಲ್ಲಾಡಿಸಿದ. ತೇವ ಶೇಕಡಾ ಇಪ್ಪತ್ತೇಳು. ಇಪ್ಪತ್ತರ ಕೆಳಗೆ ಬರದೆ ಆ ತೊಲೆಗಳ ಮೇಲೆ ಭಾರದ ಯಂತ್ರ, ನೀರಿನ ಟ್ಯಾಂಕು ಇಡುವಂತಿಲ್ಲ. ಆರು ವಾರ ಬಿಟ್ಟು ಬರುತ್ತೇನೆ, ಆಗಲೂ ಹೀಗೇ ಇದ್ದರೆ ಯಂತ್ರ ಪಟ್ಟಿಯಲ್ಲಿ ನಿಮ್ಮ ನಂತರ ಇರುವವರಿಗೆ ಹೋಗುತ್ತದೆ ಎಂದ.

ನೀರು ಅಂದರೆ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಇಲ್ಲಿಗೆ ಬರುವ ಮುಂಚೆ ಹನ್ನೊಂದು ವರ್ಷ ವಿಜಯಪುರದ ಕಡೆ ಕಾಲುವೆ ವಿಭಾಗದಲ್ಲಿ ಎಂಜಿನಿಯರ್ ಆಗಿದ್ದೆ. ಇದೇ ಜಂಬವೇ ನನ್ನನ್ನು ಕೆಡಿಸಿದ್ದು, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಕೆಲಸಕ್ಕೆ ಲೆಸ್ಟರಿನಿಂದ ಮಯೂರ್ ಬಂದ. ಅಪ್ಪ ಅಮ್ಮ ಹುಬ್ಬಳ್ಳಿಯವರು, ಇವನು ಹುಟ್ಟಿದ್ದು ಇಲ್ಲೇ. ನೆಲದಡಿಯ ನೀರು ತೆಗೆಯುವುದೇ ಇವನ ಉದ್ಯೋಗ. ತಲೆಗೆ ಲೈಟು ಕಟ್ಟಿಕೊಂಡು ಒಳಗೆ ತೆವಳಿ, ಅರ್ಧ ತಾಸಿನ ನಂತರ ಮೊಣಕೈ ತುಂಬ ಕೆಸರು ಮಾಡಿಕೊಂಡು ಹೊರಬಂದ.

"ಅಂಕಲ್, ಗುಡ್ಡದ ನೀರು ಹಿಂದಿನ ಗೋಡೆ ಕೆಳಗಿಂದ ಬರ್ತಾ ಇದೆ. ಹೊರಗೆ ತಡೆಯೋಕಾಗಲ್ಲ. ಒಳಗೇ ಹಿಡಿಯೋಣ. ಗೋಡೆ ಪಕ್ಕ ಸುತ್ತಲೂ ಚರಂಡಿ ತೋಡಿ ತೂತಿನ ಪೈಪು, ಮೇಲೆ ಜಲ್ಲಿ. ತಗ್ಗಿನ ಮೂಲೆಯಲ್ಲಿ ಗುಂಡಿ, ಗುಂಡಿಗೆ ಪಂಪು. ಮಣ್ಣಿನ ಮೇಲೆಲ್ಲಾ ದಪ್ಪ ಪ್ಲಾಸ್ಟಿಕ್."

ಅಪ್ಪಟ ಕಾಲುವೆ ಕೆಲಸ! ನನಗೆ ಖುಷಿಯಾಯಿತು. ಅಷ್ಟರಲ್ಲಿ ಅವನು ಹೊರಗೋಡೆಯ ಬುಡ ನೋಡುತ್ತ ಕೇಳಿದ, "ಈ ಮನೆಗೆ ಏರ್ ಬ್ರಿಕ್ ಇಲ್ವಾ? ಗಾಳಿ ಆಡೋಕೆ ತೂತಿನ ಇಟ್ಟಿಗೆ? ಎಲ್ಲಾ ಹಳೇ ಮನೆಗೂ ಇರುತ್ತಲ್ಲ."

ಇದ್ದವು. ಆರು ಇದ್ದವು. ಮನೆಗೆ ಬಂದ ಮೊದಲ ತಿಂಗಳೇ ಆರನ್ನೂ ನಾನು ನನ್ನ ಕೈಯಾರೆ ಸಿಮೆಂಟಿನಿಂದ ಮುಚ್ಚಿ, ಇಟ್ಟಿಗೆ ಬಣ್ಣ ಬಳಿದಿದ್ದೆ. ಕಾಲುವೆ ಏರಿಯ ಮೇಲೆ ಹನ್ನೊಂದು ವರ್ಷ ನಾನು ಮಾಡಿದ್ದೇ ಅದು. ಬುಡದಲ್ಲಿ ತೂತು ಕಂಡರೆ ಮುಚ್ಚು. ಏಡಿ ಬಿಲ, ಹೆಗ್ಗಣದ ಬಿಲ, ಬೆರಳು ತೂರುವಷ್ಟಿದ್ದರೂ ಮುಚ್ಚು. ಬೆಳಿಗ್ಗೆ ಹೆಬ್ಬೆರಳಿನಷ್ಟಿದ್ದ ಬಿಲ ಸಂಜೆಗೆ ಏರಿಯನ್ನೇ ಕೊಚ್ಚಿಕೊಂಡು ಹೋಗಿ ಇಡೀ ಶೇಂಗಾ ಹೊಲ ಮುಳುಗಿದ್ದನ್ನು ಕಣ್ಣಾರೆ ಕಂಡವನು ನಾನು. ಗೋಡೆಯ ಬುಡದಲ್ಲಿ ತೂತುಗಳನ್ನು ಕಂಡಾಗ, ಇಂಗ್ಲಿಷರ ಕಸಬುದಾರಿಕೆ ಇಷ್ಟೇ ಏನು ಎಂದು ನಕ್ಕು ಮುಚ್ಚಿದ್ದೆ.

"ಇಲ್ಲಪ್ಪಾ," ಎಂದುಬಿಟ್ಟೆ. "ಭಾಳ ಹಳೀ ಮನಿ."

ಮಯೂರ್ ಹುಬ್ಬೇರಿಸಿದ. "ಸರಿ, ಮೊದಲು ನೀರು ತೆಗೆಯೋಣ. ಮರ ಒಣಗದಿದ್ರೆ ಆಮೇಲೆ ಗೋಡೆ ಕೊರೆಯೋದು ಯೋಚಿಸೋಣ."

ಸುಳ್ಳು ಯಾಕೆ ಹೇಳಿದೆ? ಅರ್ಪಿತಾ ಕಿಟಕಿಯ ಬಳಿಯೇ ಕೂತಿದ್ದಳು, ಅದಕ್ಕೆ. ಅವಳು ನಗುವ ಬಗೆ ನಮ್ಮ ಬಳಗಕ್ಕೆಲ್ಲ ಗೊತ್ತು. ನಾನು ಮಾಡಿದ ಪೆದ್ದುತನವನ್ನು ಬಸವ ಜಯಂತಿಯ ಊಟದ ಸಾಲಿನಲ್ಲಿ ಎಲ್ಲರಿಗೂ ಹೇಳಿ, ಕೊನೆಗೆ ಹೇಳಲಾಗದೆ ಕಣ್ಣೊರೆಸಿಕೊಳ್ಳುವಷ್ಟು ನಗುತ್ತಾಳೆ. ಎಂಜಿನಿಯರ್ ಸಾಹೇಬರು ಸ್ವಂತ ಮನೆಯನ್ನೇ ಉಸಿರುಗಟ್ಟಿಸಿದರು ಎಂಬ ಮಾತು ಲೀಡ್ಸ್, ಮ್ಯಾಂಚೆಸ್ಟರ್ ತನಕ ಹೋಗುವುದು ಖಾತ್ರಿ. ಐವತ್ತೊಂದರ ವಯಸ್ಸಿನಲ್ಲಿ ನನಗೆ ಅದು ಬೇಡವಾಗಿತ್ತು.

ಮೂರನೆಯ ವಾರಕ್ಕೆ ಚರಂಡಿ ಮುಗಿಯಿತು. ಪಂಪು ಗುರ್ ಎಂದು ಎದ್ದು, ಗುಂಡಿಯ ನೀರನ್ನು ರಸ್ತೆಯ ಚರಂಡಿಗೆ ತಳ್ಳಿ ಸುಮ್ಮನಾಗುವುದನ್ನು ನಾನು ನೆಲಕ್ಕೆ ಕಿವಿಯಿಟ್ಟು ಕೇಳಿದೆ. ಮಣ್ಣಿನ ಮೇಲೆ ನಿಂತ ನೀರಿಲ್ಲ. ಮಯೂರ್ ಒಂದು ಮೀಟರು ನನ್ನ ಕೈಗೆ ಕೊಟ್ಟು ಹೋದ. ಇಪ್ಪತ್ತಾರು. ಮರುದಿನ ಇಪ್ಪತ್ತಾರು. ಅದರ ಮರುದಿನವೂ ಅಷ್ಟೇ. ಮೊಳೆ ಚುಚ್ಚಿ ಚುಚ್ಚಿ ತೊಲೆ ಜರಡಿಯಾಯಿತು. ಪಂಪು ತುಸು ತಡವಾಗಿ ಎದ್ದರೆ ಕೆಟ್ಟಿತೇ ಎಂದು ಎದೆ ಹೊಡೆದುಕೊಳ್ಳುತ್ತಿತ್ತು, ಬೇಗ ಎದ್ದರೆ ಇಷ್ಟೊಂದು ನೀರು ಎಲ್ಲಿಂದ ಬಂತು ಎಂದು ಹೊಡೆದುಕೊಳ್ಳುತ್ತಿತ್ತು. ಊಟ ಸೇರುತ್ತಿರಲಿಲ್ಲ.

"ಎಷ್ಟಾತ್ರೀ?" ಎಂದು ಅರ್ಪಿತಾ ದಿನಾ ಕೇಳುತ್ತಿದ್ದಳು.

"ಇಳೀಲಿಕ್ಕ ಹತ್ತೇದ," ಎನ್ನುತ್ತಿದ್ದೆ.

ಕಿಂಡಿಗಳ ನೆನಪು ಬಂದಾಗಲೆಲ್ಲ ನನ್ನೊಳಗಿನ ಎಂಜಿನಿಯರು ವಾದಕ್ಕೆ ನಿಲ್ಲುತ್ತಿದ್ದ. ಇಲ್ಲಿನ ಹೊರಗಾಳಿಯೇ ಒದ್ದೆ, ಅದನ್ನು ಒಳಗೆ ಬಿಟ್ಟು ಮರ ಒಣಗಿಸುವುದು ಯಾವ ನ್ಯಾಯ? ಇನ್ನೆರಡು ದಿನ ನೋಡೋಣ. ಹೀಗೆ ಎರಡೆರಡು ದಿನ ಸೇರಿ ಹತ್ತು ದಿನ ಹೋದವು.

ಹನ್ನೊಂದನೆಯ ದಿನ ಮಂಗಳವಾರ. ಡಯಾಲಿಸಿಸ್ ನಡುವೆ ಅರ್ಪಿತಾಳ ಬಿಪಿ ಬಿದ್ದು ಎಚ್ಚರ ತಪ್ಪಿತು. ಪಕ್ಕದಲ್ಲೇ ಕೂತಿದ್ದ ನನ್ನನ್ನು ಹೊರಗೆ ಕಳಿಸಿ ಪರದೆ ಎಳೆದರು. ಎಚ್ಚರವಾದ ಮೇಲೆ ಅವಳು ನನ್ನ ಕೈ ಹಿಡಿದು, "ನನ್ನ ಮನೀಗೆ ಕರ್ಕೊಂಡು ಹೋಗ್ರೀ," ಎಂದಳು. ಅಷ್ಟೇ. ಇಪ್ಪತ್ತನಾಲ್ಕು ವರ್ಷದ ಸಂಸಾರದಲ್ಲಿ ಅವಳು ನನ್ನಲ್ಲಿ ಏನನ್ನೂ ಅಷ್ಟು ಸಣ್ಣ ದನಿಯಲ್ಲಿ ಬೇಡಿದವಳಲ್ಲ.

ಅವಳನ್ನು ಆ ಮಧ್ಯಾಹ್ನ ವಾರ್ಡಿನಲ್ಲೇ ನೋಡಿಕೊಳ್ಳುತ್ತೇವೆ ಎಂದರು. ನಾನು ಮನೆಗೆ ಓಡಿಬಂದು ಉಳಿ, ಸುತ್ತಿಗೆ ಹಿಡಿದು ಗೋಡೆಯ ಬುಡದಲ್ಲಿ ಮೊಣಕಾಲೂರಿದೆ. ನನ್ನದೇ ಸಿಮೆಂಟು ಹಾಳಾದ್ದು ಗಟ್ಟಿಯಾಗಿತ್ತು. ಮೊದಲ ಕಿಂಡಿ ಒಡೆದಾಗ ಒಳಗಿನಿಂದ ಮುಗ್ಗಿದ ಜೋಳದ ಚೀಲದ ವಾಸನೆ ಬಂತು. ಎದುರುಗೋಡೆಯ ಕಿಂಡಿಯೂ ಒಡೆದ ಮೇಲೆ ಅಂಗೈ ಅಡ್ಡ ಹಿಡಿದೆ. ತಣ್ಣನೆಯ ಗಾಳಿ ಒಂದೇ ಸಮನೆ ನೆಲದಡಿ ಹರಿಯುತ್ತಿತ್ತು. ಕತ್ತಲಾಗುವಷ್ಟರಲ್ಲಿ ಆರೂ ತೆರೆದಿದ್ದವು. ಮಯೂರನಿಗೆ ಫೋನ್ ಮಾಡಿ ನಿಜ ಹೇಳಿದೆ. ಅವನು, "ನಾಳೆ ಎರಡು ಫ್ಯಾನ್ ತರ್ತೀನಿ ಅಂಕಲ್," ಎಂದ. ಅರ್ಪಿತಾಳಿಗೆ ಮಾತ್ರ, ಮಯೂರ್ ಹೊಸದಾಗಿ ಗಾಳಿಗೆ ದಾರಿ ಮಾಡಿದ್ದಾನೆ ಎಂದೆ.

ಅಲ್ಲಿಂದ ಮೀಟರು ಇಳಿಯತೊಡಗಿತು. ಇಪ್ಪತ್ತೈದು, ಇಪ್ಪತ್ತನಾಲ್ಕು, ಒಂದು ವಾರಕ್ಕೆ ಇಪ್ಪತ್ತಮೂರು. ಈಗ ಅಂಕಿಯ ಬಗ್ಗೆ ಸುಳ್ಳು ಹೇಳಬೇಕಾಗಿರಲಿಲ್ಲ, ಆದರೆ ದಿನಗಳು ಸಾಲುತ್ತಿರಲಿಲ್ಲ. ದಿನಕ್ಕೆ ನಾಲ್ಕು ಸಲ ಹಲಗೆ ಎತ್ತುತ್ತಿದ್ದೆ. ಲಿಂಗಪೂಜೆಗೆ ಕೂತರೆ ಕೈಯಲ್ಲಿ ಲಿಂಗ, ಕಣ್ಣಲ್ಲಿ ಮೀಟರಿನ ಅಂಕಿ.

ಆರು ವಾರ ಮುಗಿದ ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಟೆಕ್ನಿಷಿಯನ್ ಬಂದ. ಚರಂಡಿ ನೋಡಿದ, ಪಂಪು ನೋಡಿದ, ಒಳ್ಳೆಯ ಕೆಲಸ ಎಂದ. ಆರು ಕಡೆ ಮೊಳೆ ಚುಚ್ಚಿದ. ಐದು ಕಡೆ ಇಪ್ಪತ್ತೊಂದು, ಒಂದು ಕಡೆ ಇಪ್ಪತ್ತೆರಡು. ಇನ್ನು ಹತ್ತು ದಿನ ಸಿಕ್ಕಿದ್ದರೆ ಪಾಸಾಗುತ್ತಿತ್ತು, ಪಾಪ, ಎಂದು ಅವನೇ ಬೇಸರಪಟ್ಟ. ಈ ಯಂತ್ರ ಇವತ್ತೇ ಇನ್ನೊಬ್ಬರ ಮನೆಗೆ ಹೋಗಬೇಕು, ಮುಂದಿನದು ಬರುವುದು ಅಕ್ಟೋಬರಿಗೆ ಎಂದು ಹೇಳಿ ಚೀಲ ಮುಚ್ಚಿ ಹೋದ.

ಅರ್ಪಿತಾ ಅಳಲಿಲ್ಲ. ಯಂತ್ರಕ್ಕೆಂದು ಖಾಲಿ ಬಿಟ್ಟಿದ್ದ ಜಾಗದ ಮುಂದೆ ನಿಂತು ನನ್ನ ಬೆನ್ನು ಸವರಿದಳು. "ಹೋಗ್ಲಿ ಬಿಡ್ರೀ. ನೀವರ ಏನ್ ಮಾಡ್ತೀರಿ? ಮಣ್ಣಾಗ ಹೊರಳ್ಯಾಡಿ ಮಾಡೀರಿ. ಯಾರ ತಪ್ಪೂ ಇಲ್ಲ."

ಆ ಕೈಯನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ. ಹೇಳಿದೆ. ಆರು ಕಿಂಡಿ, ಸಿಮೆಂಟು, ಬಣ್ಣ, ಮಯೂರನಿಗೆ ಹೇಳಿದ ಸುಳ್ಳು, ಹತ್ತು ದಿನ, ಎಲ್ಲ ಹೇಳಿದೆ.

ಅವಳ ಕೈ ನನ್ನ ಬೆನ್ನಿನಿಂದ ಇಳಿಯಿತು.

"ಯಾರಿಗಂಜಿ ಹೇಳ್ಲಿಲ್ಲ?"

"ನಿನಗ."

"ನಾನೇನ್ ಮಾಡ್ತಿದ್ದೆ? ಹೊಡೀತಿದ್ನಾ?"

"ನಗ್ತಿದ್ದಿ."

ಡಯಾಲಿಸಿಸ್‌ಗೆ ಹೊರಡುವ ಹೊತ್ತಾಗಿತ್ತು. ಅವಳು ಕೋಟು ಹಾಕಿಕೊಂಡು ಗುಂಡಿಗಳನ್ನು ಒಂದೊಂದಾಗಿ ಹಾಕಿದಳು, ಕೊನೆಯದಕ್ಕೆ ಬಂದು ನಿಂತಳು.

"ಹೌದ್ರೀ, ನಗ್ತಿದ್ದೆ," ಎಂದಳು. "ನಾ ನಕ್ಕು ಒಂದ್ ವರ್ಷ ಆತು."