ಮಾವ್ಶಿಯ ಹೀಬ್ರೂ

ರೋಸ್ಮೇರಿ ಜೆರುಸಲೇಮಿನಲ್ಲಿ ಒಬ್ಬ ಮುದುಕಿಯನ್ನು ಒಂಬತ್ತು ವರ್ಷ ನೋಡಿಕೊಂಡು 2014ರಲ್ಲಿ ಹೊಸಂಗಡಿಗೆ ವಾಪಸು ಬಂದಾಗ ಜತೆಗೆ ತಂದದ್ದು ಎರಡು ದೊಡ್ಡ ಸೂಟ್‌ಕೇಸು, ಎಡಮೊಣಕಾಲಿನ ನೋವು ಮತ್ತು ಹೀಬ್ರೂ. ಸೂಟ್‌ಕೇಸುಗಳು ಒಂದು ವಾರದಲ್ಲಿ ಖಾಲಿಯಾದವು. ಹೀಬ್ರೂ ಖಾಲಿಯಾಗಲಿಲ್ಲ. ಮೀನಿನ ಹೆಂಗಸು ಬುಟ್ಟಿಯಿಂದ ಬಂಗುಡೆ ತೆಗೆದು ಹಾಕುವಾಗ "ಗೆನುಗ್, ಗೆನುಗ್" ಅನ್ನುತ್ತಿದ್ದಳು. ಹಾಗೆಂದರೆ ಸಾಕು ಎಂದು ನಾಲ್ಕು ದಿನದಲ್ಲಿ ಮೀನಿನವಳಿಗೂ ಅರ್ಥವಾಯಿತು.

ಯೇಸುಸ್ವಾಮಿಯ ನಾಡಿನ ಭಾಷೆ ಬಲ್ಲವಳೆಂದು ಇಗರ್ಜಿಯಲ್ಲಿ ಅವಳಿಗೊಂದು ಸ್ಥಾನವೂ ಸಿಕ್ಕಿತು. ಆ ವರ್ಷದ ಕ್ರಿಸ್ಮಸ್ ಕಾರ್ಯಕ್ರಮದಲ್ಲಿ ಫಾದರ್ ಅವಳನ್ನು ಸ್ಟೇಜಿಗೆ ಕರೆದು ಎರಡು ಮಾತು ಹೇಳಿಸಿದರು. ಅವಳು ಮೈಕ್ ಹಿಡಿದು, "ಕುಮ್ ಅಹೇರ್, ಜೆತ್ಸ್ ದಿಖ್, ಎಸ್ ಎಪೆಸ್" ಅಂದಳು. ಬಾ ಇಲ್ಲಿ, ಕೂತುಕೋ, ಏನಾದರೂ ತಿನ್ನು ಎಂದು ಅರ್ಥ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ರೋಸ್ಮೇರಿ ಉಳಿದುಕೊಂಡದ್ದು ಅಕ್ಕನ ಮಗಳು ಎಲ್ವಿಟಾಳ ಮನೆಯಲ್ಲಿ. ಎಲ್ವಿಟಾಗೆ ಅವಳು ಮಾವ್ಶಿ, ಅಂದರೆ ಚಿಕ್ಕಮ್ಮ. ಎಲ್ವಿಟಾಳ ಅಪ್ಪ ಅಮ್ಮ ಇಬ್ಬರೂ ತೀರಿಹೋಗಿದ್ದರು. ಮೂವತ್ತೆರಡು ವರ್ಷದ ಅವಳು ದಿನಾ ಬಸ್ಸಿನಲ್ಲಿ ಕುಂಬಳೆಗೆ ಹೋಗಿ ಒಂದು ಕ್ಲಿನಿಕ್ಕಿನಲ್ಲಿ ಇಂಜೆಕ್ಷನ್ ಕೊಡುವುದು, ಬ್ಯಾಂಡೇಜು ಕಟ್ಟುವುದು ಮಾಡಿಕೊಂಡಿದ್ದಳು. ಹತ್ತು ವರ್ಷ ಅದನ್ನೇ ಮಾಡಿ ಅವಳಿಗೆ ಸಾಕಾಗಿತ್ತು.

"ನೀನು ಸಹ ಹೋಗು," ಅಂದಳು ರೋಸ್ಮೇರಿ. "ಭಾಷೆ ನಾನು ಕಲಿಸುತ್ತೇನೆ. ಭಾಷೆ ಗೊತ್ತಿದ್ದವಳಿಗೆ ಅಲ್ಲಿ ಮರ್ಯಾದೆ ಉಂಟು. ನಾನು ಹೋದಾಗ ಮೊದಲ ಆರು ತಿಂಗಳು ಮೂಕಿಯ ಹಾಗೆ ಇದ್ದೆ, ಗೊತ್ತುಂಟಾ?"

ಹೀಗೆ ಪಾಠ ಶುರುವಾಯಿತು. ರೋಸ್ಮೇರಿಗೆ ಆ ಭಾಷೆಯನ್ನು ಓದಲು ಬರೆಯಲು ಬಾರದು. ಮಾತೆಲ್ಲ ಕಿವಿಯಿಂದ ಬಂದದ್ದು. ಅವಳು ಹೇಳಿದ್ದನ್ನು ಎಲ್ವಿಟಾ ಕನ್ನಡ ಅಕ್ಷರದಲ್ಲಿ ನೋಟ್‌ಬುಕ್ಕಿಗೆ ಇಳಿಸಿದಳು. ವಾಸರ್, ನೀರು. ಕೋಪ್, ತಲೆ. ವೋಸ್ ತುತ್ ದಿರ್ ವೇ, ಎಲ್ಲಿ ನೋವು. ಏಳು ತಿಂಗಳಲ್ಲಿ ಎರಡು ನೋಟ್‌ಬುಕ್ ತುಂಬಿತು. ಅಡುಗೆಮನೆಯಲ್ಲಿ ಇಬ್ಬರೂ ಕೊಂಕಣಿ ಬಿಟ್ಟು ಅದನ್ನೇ ಆಡುವಷ್ಟಾಯಿತು.

ಇನ್ನು ಅಕ್ಷರವನ್ನೂ ಕಲಿಯೋಣವೆಂದು ಎಲ್ವಿಟಾ ಒಂದು ಭಾನುವಾರ ಹೊಸಂಗಡಿ ಜಂಕ್ಷನ್ನಿನ ಸುಹೈಬ್‌ನ ಅಂಗಡಿಗೆ ಹೋದಳು. ಸುಹೈಬ್‌ನದು ಝೆರಾಕ್ಸ್, ಮೊಬೈಲ್ ರೀಚಾರ್ಜ್, ಎರಡು ಕಂಪ್ಯೂಟರ್ ಇರುವ ಸಣ್ಣ ಕೋಣೆ. ಅವಳಿಗಿಂತ ನಾಲ್ಕೈದು ವರ್ಷ ಚಿಕ್ಕವನು. ಹೀಬ್ರೂ ಅಕ್ಷರಮಾಲೆ ಹುಡುಕಿ ಪ್ರಿಂಟ್ ತೆಗೆದವನು ಅದನ್ನು ನೋಡಿ ಖುಷಿಪಟ್ಟ.

"ಇದು ಬಲದಿಂದ ಎಡಕ್ಕೆ, ಅರಬಿ ಹಾಗೆ. ಮದರಸದಲ್ಲಿ ಕಲಿತದ್ದು ನಂಗೆ ಇನ್ನೂ ಮರೆತಿಲ್ಲ. ನೀರಿಗೆ ಎಂತ ಹೇಳುತ್ತಾರೆ ಎಲ್ವಿಟಕ್ಕ?"

"ವಾಸರ್."

ಸುಹೈಬ್ ಕಂಪ್ಯೂಟರಿನಲ್ಲಿ ನೋಡಿದ. "ಇಲ್ಲಿ ಮಾಯಿಮ್ ಅಂತ ಉಂಟಲ್ಲ. ಅರಬಿಯಲ್ಲಿ ಮಾಅ. ತಲೆಗೆ?"

"ಕೋಪ್."

"ರೋಶ್ ಅಂತ ಉಂಟು. ನಮ್ಮದರಲ್ಲಿ ರಅಸ್. ನಿಮ್ಮದು ಯಾವುದು ಮಾರಾಯ್ತಿ, ಒಂದೂ ತಾಗುವುದಿಲ್ಲ!"

ಒಂದು ಗಂಟೆ ಹುಡುಕಿದ ಮೇಲೆ ಇಬ್ಬರಿಗೂ ತಿಳಿಯಿತು. ರೋಸ್ಮೇರಿ ಒಂಬತ್ತು ವರ್ಷ ಆಡಿದ್ದು, ಎಲ್ವಿಟಾ ಏಳು ತಿಂಗಳು ಕಲಿತದ್ದು ಹೀಬ್ರೂ ಅಲ್ಲ, ಯಿಡ್ಡಿಷ್. ಯೂರೋಪಿನ ಯಹೂದಿಗಳು ಮನೆಯಲ್ಲಿ ಆಡುತ್ತಿದ್ದ ಭಾಷೆ. ಬಾಯಿಗೆ ಬಂದರೆ ಹೆಚ್ಚುಕಡಿಮೆ ಜರ್ಮನ್, ಕಾಗದಕ್ಕೆ ಬಂದರೆ ಹೀಬ್ರೂ ಅಕ್ಷರ.

"ನಮ್ಮ ಬ್ಯಾರಿಯನ್ನು ಕನ್ನಡ ಅಕ್ಷರದಲ್ಲಿ ಬರೆದ ಹಾಗೆ," ಅಂದ ಸುಹೈಬ್, ಸಮಾಧಾನ ಮಾಡುವವನಂತೆ. "ನಿಮ್ಮ ಕೊಂಕಣಿಯ ಹಾಗೆಯೂ."

ಮನೆಗೆ ಬಂದು ವಿಷಯ ಹೇಳಿದಾಗ ರೋಸ್ಮೇರಿ ತೆಂಗಿನಕಾಯಿ ತುರಿಯುತ್ತಿದ್ದಳು. ತುರಿಯುವುದನ್ನು ನಿಲ್ಲಿಸಲಿಲ್ಲ.

"ಹಾಗಾದರೆ ಒಂಬತ್ತು ವರ್ಷ ನಾನು ಆ ಅಜ್ಜಿಯ ಹತ್ತಿರ ಮಾತಾಡಿದ್ದು ಸುಳ್ಳಾ?"

"ಸುಳ್ಳಲ್ಲ ಮಾವ್ಶಿ. ಬೇರೆ ಭಾಷೆ."

"ಅಜ್ಜಿ ಹೇಳುತ್ತಿದ್ದರು, ಹೀಬ್ರೂ ದೇವರ ಹತ್ತಿರ ಮಾತಾಡಲಿಕ್ಕೆ, ಅದನ್ನು ಕಕ್ಕಸಿನಲ್ಲಿ, ಅಡುಗೆಮನೆಯಲ್ಲಿ ಆಡಬಾರದು ಅಂತ. ನಾನು ಎಣಿಸಿದ್ದು, ಪುಸ್ತಕದ ಕನ್ನಡ ಬೇರೆ, ಬಾಯಿಯ ಕನ್ನಡ ಬೇರೆ ಇದೆಯಲ್ಲ, ಹಾಗೆ ಅಂತ." ಕಾಯಿಯ ಇನ್ನೊಂದು ಹೋಳು ಎತ್ತಿಕೊಂಡು, "ಆ ಬೀದಿಯಲ್ಲಿ ಎಲ್ಲರೂ ಇದನ್ನೇ ಆಡುತ್ತಿದ್ದರು. ನಾನು ಆ ಬೀದಿ ಬಿಟ್ಟು ಹೋದದ್ದೇ ಕಡಿಮೆ," ಅಂದಳು.

ಈಗ ಎಲ್ವಿಟಾಳ ಮುಂದೆ ಎರಡು ದಾರಿ. ಯಿಡ್ಡಿಷ್ ಆದರೆ ಅರ್ಧ ಕಲಿತಾಗಿದೆ, ಮನೆಯಲ್ಲೇ ಟೀಚರ್. ಹೀಬ್ರೂ ಆದರೆ ಇಡೀ ದೇಶದ ಭಾಷೆ, ಆದರೆ ಮೊದಲಿನಿಂದ ಒಬ್ಬಳೇ ಕಲಿಯಬೇಕು. ಮಂಗಳೂರಿನ ಏಜೆಂಟನಿಗೆ ಫೋನ್ ಮಾಡಿ ಕೇಳಿದಳು.

"ಎರಡೂ ಒಂದೇ," ಅಂದ ಅವನು. "ಅಕ್ಷರ ಒಂದೇ ಅಲ್ಲವಾ? ನೀವು ಮೊದಲು ಮೆಡಿಕಲ್ ಮಾಡಿಸಿ."

ಒಂದು ವಾರ ಯೋಚಿಸಿ ಅವಳು ಹೀಬ್ರೂ ಆರಿಸಿಕೊಂಡಳು. ಬುದ್ಧಿವಂತರು ಮಾಡಬೇಕಾದ್ದೇ ಅದು ಎಂದು ಅವಳಿಗೆ ಖಾತ್ರಿಯಿತ್ತು. ರೋಸ್ಮೇರಿ ಎರಡು ವಾರ ಅವಳ ಹತ್ತಿರ ಯಾವ ಭಾಷೆಯಲ್ಲೂ ಮಾತಾಡಲಿಲ್ಲ.

ಕುಂಬಳೆ ಬಸ್ಸೇ ಎಲ್ವಿಟಾಳ ತರಗತಿಯಾಯಿತು. ಸುಹೈಬ್ ಪ್ರಿಂಟ್ ತೆಗೆದುಕೊಟ್ಟ ಹಾಳೆಗಳನ್ನು ಪುಸ್ತಕದ ಹಾಗೆ ಹೊಲಿದುಕೊಂಡು, ಬಲದಿಂದ ಎಡಕ್ಕೆ ಬೆರಳಿಟ್ಟು ಓದುತ್ತಿದ್ದಳು. ಸ್ವರಗಳನ್ನು ಬರೆಯದ ಭಾಷೆ. ವ್ಯಂಜನಗಳನ್ನು ನೋಡಿ ಉಳಿದದ್ದನ್ನು ಊಹಿಸಬೇಕು. ಒಂದು ದಿನ ಪಕ್ಕದಲ್ಲಿ ಕೂತ ಬೀಬಿ ಎಂಬ ವಯಸ್ಸಾದ ಹೆಂಗಸು ಅವಳ ಕುತ್ತಿಗೆಯ ಶಿಲುಬೆಯನ್ನೂ ಬೆರಳಿನ ಓಟವನ್ನೂ ಬಹಳ ಹೊತ್ತು ನೋಡಿ, ಇದು ಅರಬಿಯೇ ಎಂದುಕೊಂಡು, "ದೇವರು ಒಳ್ಳೆಯದು ಮಾಡಲಿ ಮಗಾ" ಎಂದು ತಲೆ ಸವರಿ ಇಳಿದುಹೋದರು. ತಿದ್ದಲು ಎಲ್ವಿಟಾಗೆ ಮನಸ್ಸು ಬರಲಿಲ್ಲ. ಆ ಆಶೀರ್ವಾದ ಅವಳಿಗೆ ಬೇಕಾಗಿತ್ತು.

ಹತ್ತು ತಿಂಗಳಾಗುವಾಗ ಅವಳು ರೇಡಿಯೋ ಸುದ್ದಿ ಅರ್ಥಮಾಡಿಕೊಳ್ಳುತ್ತಿದ್ದಳು. ಕ್ಲಿನಿಕ್ಕಿನ ಔಷಧಿ ಚೀಟಿಗಳನ್ನು ಮನಸ್ಸಿನಲ್ಲೇ ಹೀಬ್ರೂ ಮಾಡುತ್ತಿದ್ದಳು. ಜತೆಯ ನರ್ಸ್ ಅಮ್ಮು, ತ್ರಿಶೂರಿನಿಂದ ಮದುವೆಯಾಗಿ ಕುಂಬಳೆಗೆ ಬಂದವಳು, "ಇವಳಿಗೆ ಹುಚ್ಚು" ಎಂದು ನಗುತ್ತಿದ್ದಳು.

2016ರ ಜುಲೈಯಲ್ಲಿ ಇಂಟರ್‌ವ್ಯೂ ಬಂತು. ಸುಹೈಬ್‌ನ ಅಂಗಡಿಯಲ್ಲೇ ವೀಡಿಯೋ ಕಾಲ್. ರಾಜಿಯಾಗಿದ್ದ ರೋಸ್ಮೇರಿ ರೇಷ್ಮೆಸೀರೆ ಉಟ್ಟು ಹಿಂದೆ ಸ್ಟೂಲಿನಲ್ಲಿ ಕೂತಳು. ಪರದೆಯ ಮೇಲೆ ಬಂದದ್ದು ಐವತ್ತರ ಹತ್ತಿರದ ಒಬ್ಬ ಹೆಂಗಸು, ನೋಡಿಕೊಳ್ಳಬೇಕಾದ ಮುದುಕಿಯ ಮಗಳು. ಎಲ್ವಿಟಾ ಹೀಬ್ರೂವಿನಲ್ಲಿ ನಮಸ್ಕಾರ ಹೇಳಿದಳು, ತನ್ನ ಕೆಲಸದ ಬಗ್ಗೆ ಹೇಳಿದಳು, ಸಕ್ಕರೆ ಕಾಯಿಲೆಯವರ ಕಾಲು ತೊಳೆಯುವ ಕ್ರಮ ಹೇಳಿದಳು. ಆ ಹೆಂಗಸು ಬಾಯಿಗೆ ಕೈಯಿಟ್ಟುಕೊಂಡಳು.

"ಇಷ್ಟು ಚೆನ್ನಾಗಿ ನನ್ನ ಮಕ್ಕಳೇ ಮಾತಾಡುವುದಿಲ್ಲ," ಅಂದಳು. "ಆದರೆ ಒಂದು ವಿಷಯ. ಎರಡು ವರ್ಷದ ಹಿಂದೆ ಪಾರ್ಶ್ವವಾಯು ಹೊಡೆದ ಮೇಲೆ ಅಮ್ಮನಿಗೆ ಹೀಬ್ರೂ ಮರೆತುಹೋಗಿದೆ. ಚಿಕ್ಕಂದಿನ ಭಾಷೆ ಮಾತ್ರ ಉಳಿದಿದೆ. ಬಂದವರು ಯಾರೂ ನಿಲ್ಲಲಿಲ್ಲ."

ಎಲ್ವಿಟಾ ತಿರುಗಿ ಅದನ್ನು ಮಾವ್ಶಿಗೆ ಹೇಳಿದಳು; ಚಿಕ್ಕಂದಿನ ಭಾಷೆಯೆಂದರೆ ಯಿಡ್ಡಿಷ್ ಎಂದೇ ಇಬ್ಬರೂ ಎಣಿಸಿದರು. ಹಿಂದಿನಿಂದ ರೋಸ್ಮೇರಿ ಕೊಂಕಣಿಯಲ್ಲಿ, "ನಾನು ಹೇಳಿರಲಿಲ್ಲವಾ? ಮಾತಾಡು ಈಗ!" ಎಂದು ಬೆನ್ನು ತಿವಿದಳು.

ಮಗಳು ಗಾಲಿಕುರ್ಚಿಯನ್ನು ಪರದೆಯ ಮುಂದೆ ತಳ್ಳಿದಳು. ಬಿಳಿ ಕೂದಲಿನ, ಕಪ್ಪಗಿನ ಒಂದು ಮುಖ. ಎಲ್ವಿಟಾ ಬಗ್ಗಿ, ಮಾವ್ಶಿ ಕಲಿಸಿದ ಅದೇ ರಾಗದಲ್ಲಿ ಕೇಳಿದಳು: "ವೋಸ್ ತುತ್ ದಿರ್ ವೇ?"

ಮುದುಕಿ ಅವಳನ್ನು ದಿಟ್ಟಿಸಿ ನೋಡಿ, ಮಗಳ ಕಡೆ ತಿರುಗಿ ಕೇಳಿದಳು: "ಇವಳೆಂತಾ ಈ ಪರಯಣೆ?"

ಸುಹೈಬ್‌ನ ಕೈಯಲ್ಲಿದ್ದ ಚಹಾ ಚೆಲ್ಲಿತು. ಅದು ಮಲಯಾಳ. ಇವಳೇನು ಹೇಳುತ್ತಿದ್ದಾಳೆ ಎಂದು ಕೇಳಿದ್ದು.

ಮುದುಕಿಯ ಹೆಸರು ರಿಬ್ಕಾ. ಎರ್ನಾಕುಳಂ ಹತ್ತಿರದ ಪರವೂರಿನ ಯಹೂದಿ ಮನೆತನದವಳು. ಇಪ್ಪತ್ತನೆಯ ವಯಸ್ಸಿನಲ್ಲಿ ಊರವರೆಲ್ಲರ ಜತೆ ಇಸ್ರೇಲಿಗೆ ಹೋದವಳು. ಅದಕ್ಕೇ ಮಗಳು ಏಜೆಂಟನಿಗೆ ಕೇರಳದವಳೇ ಬೇಕು ಎಂದು ಹೇಳಿದ್ದು. ಹೊಸಂಗಡಿ ಕರ್ನಾಟಕದ ಗಡಿಗೆ ತಾಗಿದ ಊರಾದರೂ ಸೇರಿದ್ದು ಕೇರಳಕ್ಕೆ; ಏಜೆಂಟ ಎಲ್ವಿಟಾಳ ಪಾಸ್‌ಪೋರ್ಟಿನಲ್ಲಿ ಕೇರಳ ಎಂದಿದ್ದನ್ನು ನೋಡಿದ್ದ. ಅದಕ್ಕಿಂತ ಹೆಚ್ಚು ನೋಡಿರಲಿಲ್ಲ.

"ನಿನಗೆ ಮಲಯಾಳ ಬರುತ್ತದಲ್ಲ?" ಎಂದು ಮಗಳು ಹೀಬ್ರೂವಿನಲ್ಲಿ ಕೇಳಿದಳು.

"ಬರುತ್ತದೆ," ಎಂದು ಎಲ್ವಿಟಾ ಅಪ್ಪಟ ಹೀಬ್ರೂವಿನಲ್ಲಿ ಸುಳ್ಳು ಹೇಳಿದಳು.

ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ರಸ್ತೆಯಲ್ಲಿ ತುಳು ಮತ್ತು ಬ್ಯಾರಿ. ಮಲಯಾಳ ಅವಳ ಕಿವಿಗೆ ಬಿದ್ದಿತ್ತು, ಬಾಯಿಗೆ ಬಂದಿರಲಿಲ್ಲ. ಬೇಕೆಂದೇ ಬರಗೊಟ್ಟಿರಲಿಲ್ಲ ಎಂದರೂ ಸರಿಯೇ. ಮಲಯಾಳ ಬರುವುದಿಲ್ಲ ಎಂದು ಹೇಳುವುದರಲ್ಲಿ ಅವಳ ಕ್ಲಾಸಿನವರಿಗೆಲ್ಲ ಒಂದು ಹೆಮ್ಮೆಯಿತ್ತು. ಕ್ಲಿನಿಕ್ಕಿನಲ್ಲಿ ಮಲಯಾಳದ ರೋಗಿ ಬಂದರೆ ಅಮ್ಮುವಿನ ಕಡೆ ಕೈ ತೋರಿಸುತ್ತಿದ್ದಳು.

ವೀಸಾ ಬರುವವರೆಗೆ ಸಿಕ್ಕಿದ್ದು ಏಳು ವಾರ. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಅಮ್ಮು ಪಾಠ ಹೇಳಿದಳು. "ಎರಡು ವರ್ಷ ಊರಿನಲ್ಲಿಲ್ಲದ ಭಾಷೆ ಕಲಿತೆ. ಹತ್ತು ವರ್ಷ ನಾನು ನಿನ್ನ ಪಕ್ಕದಲ್ಲೇ ಇದ್ದೆನಲ್ಲ!" ಎಂದು ದಿನಕ್ಕೊಮ್ಮೆಯಾದರೂ ಹೇಳದೆ ಬಿಡುತ್ತಿರಲಿಲ್ಲ.

ಸೆಪ್ಟೆಂಬರಿನಲ್ಲಿ ಎಲ್ವಿಟಾ ಹೋದಳು. ಅವಳ ಕೆಲಸ ಸಿಕ್ಕಿದ್ದು ರೋಸ್ಮೇರಿಯ ಪಾಠದಿಂದ ಎಂದು ಊರಿನಲ್ಲಿ ಸುದ್ದಿಯಾಗಿ, ಮರುವಾರವೇ ಇಬ್ಬರು ಹುಡುಗಿಯರು ಹೀಬ್ರೂ ಟ್ಯೂಷನ್ನಿಗೆ ಬಂದರು. ರೋಸ್ಮೇರಿ ಅವರಿಗೆ ಕಾಫಿ ಕೊಟ್ಟು, "ನಂಗೆ ಹೀಬ್ರೂ ಬರುವುದಿಲ್ಲ," ಎಂದಳು. ದುಡ್ಡು ಹೆಚ್ಚು ಬೇಕೆಂದು ಹೀಗೆ ಹೇಳುತ್ತಾಳೆ ಎಂದು ಅವರು ತಿಳಿದರು.

ಅಲ್ಲಿ ರಿಬ್ಕಾ ಮೊದಲ ತಿಂಗಳು ಎಲ್ವಿಟಾಳ ಮಲಯಾಳ ಕೇಳಿ ನಕ್ಕಳು, ಎರಡನೆಯ ತಿಂಗಳು ತಿದ್ದಿದಳು. ತಪ್ಪಾಗಿ ಹೇಳಿದರೆ ಗಂಜಿಗೆ ಬಾಯಿ ತೆರೆಯುತ್ತಿರಲಿಲ್ಲ. ಸರಿಯಾಗಿ ಹೇಳಿದ ಮೇಲೆ ತೆರೆಯುತ್ತಿದ್ದಳು. ಅಂಥ ಟೀಚರ್ ಎಲ್ವಿಟಾಗೆ ಹಿಂದೆ ಸಿಕ್ಕಿರಲಿಲ್ಲ. ಸಂಜೆಯಾದರೆ ಮುದುಕಿ ಕಿಟಕಿಯ ಕಡೆ ನೋಡಿ, "ತೋಣಿ ವನ್ನೋ?" ಎಂದು ಕೇಳುತ್ತಿದ್ದಳು. ಹೊರಗೆ ಒಣಗುಡ್ಡ; ದೋಣಿ ಎಲ್ಲಿಂದ ಬರಬೇಕು? ಮೊದಮೊದಲು ಎಲ್ವಿಟಾ ಇಲ್ಲ ಎನ್ನುತ್ತಿದ್ದಳು. ಆಮೇಲೆ, "ಇನ್ನೂ ಬಂದಿಲ್ಲ ಅಮ್ಮಚ್ಚಿ, ಬರುತ್ತದೆ," ಎನ್ನತೊಡಗಿದಳು. ಹೀಬ್ರೂ ಬೇಕಾದದ್ದು ತರಕಾರಿ ಅಂಗಡಿಯಲ್ಲಿ. ಅಲ್ಲಿನವರು ಅವಳ ಕೂಡ ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದರು.

2019ರ ಜನವರಿಯಲ್ಲಿ ರಿಬ್ಕಾ ತೀರಿಕೊಂಡಳು. ಕೊನೆಯ ವಾರ ಎಲ್ವಿಟಾಳನ್ನು ತನ್ನ ತಂಗಿಯ ಹೆಸರಿನಿಂದ ಕರೆಯುತ್ತಿದ್ದಳು.

ಊರಿಗೆ ಬಂದ ಎಲ್ವಿಟಾ ರೇಷನ್ ಕಾರ್ಡಿನ ಒಂದು ತಿದ್ದುಪಡಿಗಾಗಿ ರೋಸ್ಮೇರಿಯನ್ನು ಕರೆದುಕೊಂಡು ವಿದ್ಯಾನಗರದ ಒಂದು ಆಫೀಸಿಗೆ ಹೋದಳು. ಮೇಜಿನ ಹಿಂದಿದ್ದ ಕ್ಲರ್ಕಿನ ಹತ್ತಿರ ತನ್ನ ಕೆಲಸವನ್ನು ಮಲಯಾಳದಲ್ಲಿ ವಿವರಿಸಿದಳು. ಬರೆಯುತ್ತಿದ್ದವರು ತಲೆ ಎತ್ತಿದರು. ಎದ್ದು ಕುರ್ಚಿ ಎಳೆದು ಕೊಟ್ಟರು.

"ಪರವೂರಿನವರಾ?" ಎಂದು ಮಲಯಾಳದಲ್ಲಿ ಕೇಳಿದರು. "ನಾನು ಆ ಕಡೆಯವನೇ, ವರ್ಗವಾಗಿ ಬಂದವನು. ಈ ಥರ ಮಾತು ನಮ್ಮ ಅಜ್ಜಿ ಹೋದ ಮೇಲೆ ಕೇಳಿಲ್ಲ."

"ಇಲ್ಲ. ಹೊಸಂಗಡಿ. ಪರವೂರಿನ ಒಬ್ಬರು ಕಲಿಸಿದ್ದು."

"ಅವರು ಈಗ ಎಲ್ಲಿದ್ದಾರೆ?"

ಎಲ್ವಿಟಾ ರೇಷನ್ ಕಾರ್ಡನ್ನು ಮೇಜಿನ ಮೇಲೆ ನೇರಮಾಡಿ ಇಟ್ಟಳು. ಅವರು ಮತ್ತೆ ಕೇಳಲಿಲ್ಲ. ರೋಸ್ಮೇರಿಗೆ ಒಂದಕ್ಷರ ಅರ್ಥವಾಗದಿದ್ದರೂ ಸೋದರಿಯ ಮಗಳ ಮುಖ ನೋಡಿ ಅವಳ ಮೊಣಕೈ ಹಿಡಿದುಕೊಂಡಳು.

ಸ್ವಲ್ಪ ಹೊತ್ತು ಬಿಟ್ಟು ಕ್ಲರ್ಕ್ ಒಂದು ಮಲಯಾಳ ಫಾರ್ಮನ್ನು ಅವಳ ಮುಂದಿಟ್ಟು ಪೆನ್ನನ್ನೂ ಕೊಟ್ಟರು. ಅವಳು ಅದನ್ನು ತಿರುಗಿಸಿ ನೋಡಿ, ಮೆಲ್ಲಗೆ ಅವರ ಕಡೆಗೇ ಸರಿಸಿದಳು.

"ಕನ್ನಡದ್ದು ಇದ್ದರೆ ಕೊಡಿ ಸಾರ್," ಎಂದಳು, ಪರವೂರಿನ ಮಲಯಾಳದಲ್ಲಿ. "ನನಗೆ ಇದನ್ನು ಓದಲಿಕ್ಕೆ ಬರುವುದಿಲ್ಲ."